ಸ್ವಂತ ಬುದ್ಧಿಯ ಕೋಟು

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಅವಳದು ದೊಡ್ಡ ಮನಸ್ಸು ಅನ್ನುತ್ತಾರೆ. ಹೊಲಿಗೆ ಕಲಿಸುವ ಹೆಂಗಸೊಬ್ಬಳು ಏನನ್ನೂ ಬಚ್ಚಿಡದೆ, ಕಲಿತವರು ಮತ್ತೆಂದೂ ತನ್ನ ಬಾಗಿಲಿಗೆ ಬರಬೇಕಾಗದ ಹಾಗೆ ತಯಾರು ಮಾಡಿ ಕಳಿಸುತ್ತಾಳೆಂದರೆ ಅದು ದೊಡ್ಡ ಮನಸ್ಸಲ್ಲದೆ ಇನ್ನೇನು ಎಂದು ಅವರ ವಾದ. ತರಬೇತಿ ಇಲಾಖೆಯವರಂತೂ ಅವಳಿಗೊಂದು ಫಲಕವನ್ನೇ ಕೊಟ್ಟಿದ್ದಾರೆ. ಅದರ ಮೇಲೆ ‘ಸ್ವತಂತ್ರ ಕಲಿಕೆಯ ದಾರಿದೀಪ’ ಎಂದು ಕೆತ್ತಿದೆ. ದಪ್ಪ ಹಿತ್ತಾಳೆಯ ಫಲಕ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಇಡಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲವೆಂದು ಅವಳು ಅದನ್ನು ಇಸ್ತ್ರಿಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ.

ಸತ್ಯ ಬೇರೆಯೇ ಇದೆ. ಹದಿನಾರು ವರ್ಷ ಅವಳು ಪಾಠ ಹೇಳಿದ್ದು ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ. ಬೀದಿಯ ಆಚೆ ಬದಿಯಲ್ಲಿ, ಕಬ್ಬಿಣದ ಸಾಮಾನಿನ ಅಂಗಡಿಯ ಮೇಲ್ಮಹಡಿಯಲ್ಲಿ ಹೊಲಿಗೆ ಶಾಲೆ ನಡೆಸುತ್ತಿದ್ದ ಕಟಿಂಗ್ ಮೇಷ್ಟ್ರ ಮೇಲಿನ ಸಿಟ್ಟಿಗೆ. ಆ ಶಾಲೆಯ ಕರಿಹಲಗೆಯ ಮೇಲೆ ಗೋಡೆಗೊಂದು ಮೊಳೆ. ಮೊಳೆಯಲ್ಲಿ ಬೂದು ಬಣ್ಣದ ಒಂದು ಕೋಟು. ಕೋಟಿನ ಎದೆಗೆ ಗುಂಡುಸೂಜಿಯಿಂದ ಚುಚ್ಚಿದ ರಟ್ಟು. ರಟ್ಟಿನ ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಎರಡೇ ಮಾತು: ‘ಸ್ವಂತ ಬುದ್ಧಿ’. ಆ ಕೋಟು ಹೊಲಿದವಳು ಇವಳು. ಅದು ಮೇಷ್ಟ್ರ ಕೈಯಿಂದಲೇ ಆ ಮೊಳೆಯಿಂದ ಇಳಿಯಬೇಕು, ಇಳಿಯುವುದನ್ನು ತಾನು ನಿಂತು ನೋಡಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಮಿಕ್ಕ ದೊಡ್ಡ ಮನಸ್ಸೆಲ್ಲ ಬೀದಿಯವರ ಕಲ್ಪನೆ.

ಕಲಿಯಲು ಬರುವವರು ಅವಳಿಗೆ ‘ನೀನೇನೋಡಕ್ಕ’ ಎಂದು ಹೆಸರಿಟ್ಟಿದ್ದಾರೆ. ಕಾಲರ್ ಯಾಕೆ ಸುರುಳಿ ಸುತ್ತಿಕೊಳ್ತಿದೆ ಅಕ್ಕಾ ಅಂದರೆ, ನೀನೇ ನೋಡು. ದಾರ ಯಾಕೆ ಹರೀತಿದೆ ಅಂದರೆ, ನೀನೇ ನೋಡು. ಬಚ್ಚಲು ಎಲ್ಲಿದೆ ಅಂತ ಕೇಳಿದರೂ ಅದನ್ನೇ ಅಂತಾಳೆ ಎಂದು ಹಿಂದಿನ ಬೆಂಚಿನವರ ಹಾಸ್ಯ. ಎದುರಿಗೆ ಎಲ್ಲರೂ ‘ಅಕ್ಕ’ ಎನ್ನುತ್ತಾರೆ. ಎದುರಿಗೆ ಹಾಸ್ಯ ಮಾಡುವ ಧೈರ್ಯ ಯಾರಿಗೂ ಇಲ್ಲ.

ಹದಿನೆಂಟನೆಯ ವಯಸ್ಸಿನಲ್ಲಿ ಅವಳು ಆ ಮೇಷ್ಟ್ರ ಶಾಲೆ ಸೇರಿದ್ದಳು. ಆಗ ಆ ಮಹಡಿಯಲ್ಲಿ ಹನ್ನೆರಡು ಮಿಷನ್ನು, ಎರಡು ಉದ್ದನೆಯ ಬೆಂಚು, ಬಾಗಿಲಷ್ಟೆತ್ತರದ ಕನ್ನಡಿ, ಮೂಲೆಯಲ್ಲಿ ಹಲಗೆಯ ಒಂದು ಅಡ್ಡಗೋಡೆ. ಮೇಷ್ಟ್ರು ಹೇಳುವುದು, ಹುಡುಗಿಯರು ಬರೆದುಕೊಳ್ಳುವುದು. “ಎದೆ ಅಳತೆಯ ಕಾಲುಭಾಗ, ಅದರ ಮೇಲೆ ಎರಡಿಂಚು. ಬರ್ಕೊಳ್ಳಿ.” ಎರಡೇ ಇಂಚು ಯಾಕೆ ಎನ್ನುವುದಿಲ್ಲ. ಪುಸ್ತಕ ತುಂಬಿತೋ, ಹೊಲಿಗೆ ಬಂತು.

ಒಂದನ್ನು ಮಾತ್ರ ಅವರು ಬರೆಸುತ್ತಿರಲಿಲ್ಲ. ಕಂಕುಳ ಸುತ್ತು. ತೋಳು ಮೈಗೆ ಸೇರುವ ಆ ಬಾಗು ಸರಿಯಾಗಿ ಬಿದ್ದರೆ ಕೋಟು, ಇಲ್ಲದಿದ್ದರೆ ಗೋಣಿಚೀಲ. ಪಾಠ ಅಲ್ಲಿಗೆ ಬಂದ ಕೂಡಲೇ ಮೇಷ್ಟ್ರು ಬಟ್ಟೆ ಎತ್ತಿಕೊಂಡು ಅಡ್ಡಗೋಡೆಯ ಹಿಂದೆ ಹೋಗುವರು. ಕತ್ತರಿಯ ಸದ್ದು ಕೇಳಿಸುವುದು. ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುವುದು. ಎರಡು ವರ್ಷ ಕಲಿತು ಸರ್ಟಿಫಿಕೇಟು ಹಿಡಿದು ಸ್ವಂತ ಅಂಗಡಿ ಇಟ್ಟವರೂ ಶನಿವಾರ ಬಂತೆಂದರೆ ಕೋಟಿನ ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಆ ಮೆಟ್ಟಿಲ ಮೇಲೆ ಸಾಲು ನಿಲ್ಲಬೇಕು. ತಲೆ ನರೆತ ದರ್ಜಿಗಳೂ ನಿಂತದ್ದನ್ನು ಅವಳು ನೋಡಿದ್ದಾಳೆ. ಶಿಷ್ಯರು ಎಂದರೆ ಹಾಗೆ ಕೊನೆತನಕ ಬರುತ್ತಲೇ ಇರಬೇಕು ಎನ್ನುವುದು ಮೇಷ್ಟ್ರ ಹೆಮ್ಮೆ.

ಅವಳು ಕೈ ಎತ್ತಿದಳು. ಆ ಶಾಲೆಯಲ್ಲಿ ಕೈ ಎತ್ತುತ್ತಿದ್ದವಳು ಅವಳೊಬ್ಬಳೇ.

“ಮೇಷ್ಟ್ರೇ, ಮುಂದಿನ ಬಾಗು ಹಿಂದಿನದಕ್ಕಿಂತ ಆಳ ಇರುತ್ತಲ್ಲ, ಯಾಕೆ?”

“ಕೈ ಪಳಗಿದ ಮೇಲೆ ಗೊತ್ತಾಗುತ್ತೆ.”

“ಯಾವಾಗ ಪಳಗುತ್ತೆ?”

“ಬಾಯಿ ನಿಂತ ಮೇಲೆ.”

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಅವಳು ಬಾಯಿ ನಿಲ್ಲಿಸಿದಳು, ಆದರೆ ತಲೆ ನಿಲ್ಲಲಿಲ್ಲ.

ಮನೆಯಲ್ಲಿ ತೀರಿಹೋದ ಅಪ್ಪನ ಕೋಟಿತ್ತು. ಅಪ್ಪ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಕೋಟಿನ ಬಲಗಿಸೆಯಲ್ಲಿ ಇನ್ನೂ ಒಂದು ಪೆನ್ಸಿಲ್ ತುಂಡಿತ್ತು. ಅವಳು ಅಮ್ಮ ಇಲ್ಲದ ಮಧ್ಯಾಹ್ನ ಅದರ ತೋಳು ಬಿಚ್ಚಿ, ಹಾಳೆಯ ಮೇಲೆ ಹರಡಿ, ಬಾಗನ್ನು ಗೀಚಿಕೊಂಡಳು. ಮತ್ತೆ ಹೊಲಿದಳು. ಮತ್ತೆ ಬಿಚ್ಚಿದಳು. ಒಂದು ತಿಂಗಳಲ್ಲಿ ಆ ಬಾಗು ಯಾವ ಮೈಗೆ ಎಷ್ಟು ಬೇಕೆಂದು ಅವಳಿಗೆ ಅಂದಾಜು ಸಿಕ್ಕಿತು. ಅದೇ ಹೊತ್ತಿಗೆ ಅವಳ ಸ್ವಂತ ಅಕ್ಕನಿಗೆ ಅಂಚೆ ಕಚೇರಿಯಲ್ಲಿ ಕೆಲಸವಾಯಿತು. ಸೋದರಮಾವ ಕೊಟ್ಟ ಬೂದು ಬಟ್ಟೆ ಪೆಟ್ಟಿಗೆಯಲ್ಲಿತ್ತು. ಅಕ್ಕ ಮೊದಲ ದಿನ ಕೆಲಸಕ್ಕೆ ಹೋಗಲು ನಾನೇ ಕೋಟು ಹೊಲಿದುಕೊಡ್ತೀನಿ, ಮೇಷ್ಟ್ರ ಹಂಗೇ ಬೇಡ ಎಂದು ಜಂಬದಿಂದ ಕೂತಳು.

ಅಕ್ಕ ತೊಟ್ಟಾಗ ಭುಜದ ಮುಂದೆ ಬಟ್ಟೆ ಮುದುಡಿಕೊಂಡು ನಿಂತಿತು, ಬೆನ್ನು ಬಿಗಿಯಿತು, ಕೈ ಭುಜದ ಮೇಲಕ್ಕೆ ಏಳಲೇ ಇಲ್ಲ. ಅಕ್ಕ ಹಳೆಯ ಸ್ವೆಟರಿನಲ್ಲೇ ಕೆಲಸಕ್ಕೆ ಹೋದಳು. ಅಮ್ಮ ಪಾಪ, ಒಳ್ಳೆಯದೇ ಆಗಲೆಂದು, ಮಗಳಿಗೆ ಹೇಳದೆ ಕೋಟನ್ನು ಒಯ್ದು ಮೇಷ್ಟ್ರ ಕೈಗೆ ಕೊಟ್ಟಳು, ಸ್ವಲ್ಪ ಸರಿಮಾಡಿ ಕೊಡಿ ಅಂತ.

ಮಾರನೇ ದಿನ ಮೇಷ್ಟ್ರು ಇಡೀ ಶಾಲೆಯ ಮುಂದೆ ಅವಳಿಗೆ ಆ ಕೋಟು ತೊಡಿಸಿ ಕನ್ನಡಿಯ ಎದುರು ನಿಲ್ಲಿಸಿದರು.

“ಪ್ರಶ್ನೆ ಕೇಳೋಕೆ ಯಾವಾಗ್ಲೂ ಕೈ ಎತ್ತುತ್ತಿದ್ದೆಯಲ್ಲಮ್ಮ. ಈಗ ಎತ್ತು, ನೋಡೋಣ.”

ಅವಳು ಎತ್ತಿದಳು. ಭುಜದ ಮಟ್ಟಕ್ಕೆ ಬಂದು ಕೈ ನಿಂತಿತು.

“ಇನ್ನೂ ಎತ್ತು.”

ಹೊಲಿಗೆ ಚರಕ್ಕೆಂದಿತು. ನಗು ಕೆಳಗಿನ ಕಬ್ಬಿಣದಂಗಡಿಯವರೆಗೂ ಕೇಳಿಸಿರಬೇಕು. “ಕಟಿಂಗೇ ತಪ್ಪು,” ಎಂದು ಮೇಷ್ಟ್ರು ಕೋಟನ್ನು ಕಳಚಿಸಿ ಮೊಳೆಗೆ ಹಾಕಿ, ರಟ್ಟು ಚುಚ್ಚಿದರು. ಆಮೇಲೆ ಯಾವ ಹುಡುಗಿ ‘ಯಾಕೆ’ ಅಂದರೂ ಅವರು ಮಾತಾಡುತ್ತಿರಲಿಲ್ಲ. ಅಳತೆಕೋಲಿನಿಂದ ಮೇಲೆ ತೋರಿಸುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಅವಳು ಅವತ್ತೇ ಶಾಲೆ ಬಿಟ್ಟಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಎಂಟು ವರ್ಷ ಕೋಟಿನ ಎಡಗಿಸೆಯನ್ನು ಮಾತ್ರ ಹೊಲಿದಳು. ಪಕ್ಕದವಳು ಬಲಗಿಸೆ. ಇಡೀ ಕೋಟು ಹೇಗೆ ಎದ್ದು ನಿಲ್ಲುತ್ತದೆ ಎಂದು ಆ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದು ಯಾರೂ ಕೇಳಿರಲಿಲ್ಲ. ಊಟದ ಬಿಡುವಿನಲ್ಲಿ ಉಳಿದವರು ಕಾಲು ಚಾಚಿ ಕೂತರೆ, ಇವಳು ತಿರಸ್ಕಾರವಾದ ಕೋಟುಗಳ ರಾಶಿಯಿಂದ ಒಂದನ್ನು ಎಳೆದು ಬಿಚ್ಚುತ್ತಿದ್ದಳು. ಎಷ್ಟು ಬಿಚ್ಚಿದಳೋ ಲೆಕ್ಕವಿಲ್ಲ. ಪ್ರತಿ ತೋಳು ಬಿಚ್ಚುವಾಗಲೂ ಅವಳ ಕಣ್ಣ ಮುಂದೆ ಇದ್ದದ್ದು ಮೇಷ್ಟ್ರ ಮುಖ. ಕಲಿಯಲು ಆಸಕ್ತಿ ಇರಬೇಕು ಎನ್ನುತ್ತಾರೆ. ಸೇಡೂ ಆಗುತ್ತದೆ, ಇನ್ನೂ ಚೆನ್ನಾಗೇ ಆಗುತ್ತದೆ.

ಎಂಟು ವರ್ಷದ ಮೇಲೆ, ಬೇರೆ ಜಾಗವೇ ಸಿಗಲಿಲ್ಲವೆನ್ನುವಂತೆ, ಮೇಷ್ಟ್ರ ಶಾಲೆಯ ನೇರ ಎದುರಿಗೆ ಔಷಧಿ ಅಂಗಡಿಯ ಮೇಲಿನ ಮಹಡಿ ಹಿಡಿದಳು. ಕಿಟಕಿಗೆ ಕಿಟಕಿ. ಬೋರ್ಡು ಬರೆಸಿದಳು: ‘ಕಟಿಂಗ್ ಪೂರ್ತಿ ಕಲಿಸಲಾಗುವುದು. ಕಂಕುಳ ಸುತ್ತು ಸಹಿತ.’ ಬೋರ್ಡು ಬರೆಯುವವನು ಕೊನೆಯ ಮಾತನ್ನು ಎರಡು ಸಲ ಓದಿ, “ಇದೂ ಹಾಕಬೇಕಾ ಅಕ್ಕಾ?” ಎಂದು ಕೇಳಿದ. “ಅದನ್ನೇ ಎಲ್ಲಕ್ಕಿಂತ ದಪ್ಪ ಮಾಡು,” ಅಂದಳು.

ಮೊದಲ ವರ್ಷ ಅವಳೂ ಬರೆಸಿದಳು. ಗೊತ್ತಿದ್ದದ್ದು ಅದೊಂದೇ ದಾರಿ. ಹುಡುಗಿಯರು ಕಂಕುಳ ಸುತ್ತನ್ನೂ ಬರೆದುಕೊಂಡು ಖುಷಿಯಾಗಿ ಹೋದರು. ಹೋದವರು ಹಿಂದೆಯೇ ಬಂದರು. ಗಿರಾಕಿಯ ಒಂದು ಭುಜ ಇಳಿದಿದ್ದರೆ ಅವರ ಪುಸ್ತಕದಲ್ಲಿ ಅದಕ್ಕೆ ಇಂಚಿಲ್ಲ; ಬೆನ್ನು ಬಾಗಿದ್ದರೆ ಅದಕ್ಕೂ ಇಲ್ಲ. “ಅಕ್ಕಾ, ಇದಕ್ಕೆಷ್ಟು ಬಿಡ್ಲಿ?” ಎನ್ನುತ್ತ ಶನಿವಾರ ಅವಳ ಮೆಟ್ಟಿಲ ಮೇಲೂ ಬಗಲಲ್ಲಿ ಬಟ್ಟೆ ಇಟ್ಟುಕೊಂಡ ಸಾಲು ನಿಂತಿತು. ಅವಳಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗನ್ನು ಇಳಿಸಿದವಳು ಅಂಚೆ ಕಚೇರಿಯ ಅಕ್ಕ. ಕೆಲಸ ಮುಗಿಸಿ ಬಂದವಳು ಮೆಟ್ಟಿಲ ಸಾಲನ್ನು ದಾಟಿಕೊಂಡು ಮೇಲೆ ಹತ್ತಿ, ಚೀಲ ಕೆಳಗಿಟ್ಟು ಒಂದೇ ಮಾತು ಅಂದಳು.

“ಪುಟ್ಟೀ, ಮೇಷ್ಟ್ರ ಕೋಟು ನಿನ್ನ ಮೈಗೆ ಸರಿಯಾಗೇ ಕೂತಿದೆ ಕಣೆ.”

ಅವಳು ಅಕ್ಕನ ಮೇಲೆ ಹರಿಹಾಯ್ದಳು. ಆಮೇಲೆ ಕೂತು ಯೋಚಿಸಿದಳು. ತಾನು ಬರೆಸಿ ಕಲಿಸಿದರೆ ಮೇಷ್ಟ್ರಿಂದ ಒಡೆದು ಬರುವವರು ವರ್ಷಕ್ಕೆ ಹತ್ತು ಹನ್ನೆರಡು ಜನ. ಅಷ್ಟಕ್ಕೆ ಆ ಮುದುಕ ಬಗ್ಗುವವನಲ್ಲ. ಅದೇ, ಬಂದವರಿಗೆ ತಾವೇ ನೋಡಿ ಕಂಡುಕೊಳ್ಳುವ ಚಟ ಹತ್ತಿಸಿದರೆ? ಅವರು ಹೋದಲ್ಲೆಲ್ಲ ಇನ್ನೊಬ್ಬರಿಗೆ ಅದನ್ನು ಅಂಟಿಸುತ್ತಾರೆ. ಆಗ ಯಾರೂ ಯಾವ ಮೇಷ್ಟ್ರ ಮೆಟ್ಟಿಲನ್ನೂ ಹತ್ತುವುದಿಲ್ಲ. ತನ್ನ ಮೆಟ್ಟಿಲನ್ನೂ ಹತ್ತುವುದಿಲ್ಲ, ಅದು ಬೇರೆ ಮಾತು. ಹೊಟ್ಟೆಪಾಡಿಗೆ ಕುತ್ತು ಬಂದರೂ ಸರಿ, ಮೇಷ್ಟ್ರು ಉದ್ಧಾರವಾಗಬಾರದು.

ಮಾರನೇ ದಿನ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದಳು. ಹಳೇ ಬಟ್ಟೆ ಮಾರುವವನಿಂದ ಒಂದು ಹೊರೆ ಕೋಟು ತರಿಸಿ ಒಬ್ಬೊಬ್ಬರ ಮುಂದೆ ಒಂದೊಂದು ಹಾಕಿ, “ಬಿಚ್ಚಿ. ಮತ್ತೆ ಹೊಲಿಯಿರಿ. ಕೂರಲಿಲ್ವಾ, ಮತ್ತೆ ಬಿಚ್ಚಿ,” ಅಂದಳು. ಮೊದಲ ತಂಡದವರು ಬಾಯಿಗೆ ಬಂದ ಹಾಗೆ ಬೈದರು. ಇಬ್ಬರು ಬಿಟ್ಟುಹೋದರು. ಉಳಿದವರು ಅಳುತ್ತ ಬಿಚ್ಚಿದರು, ಒಬ್ಬರದನ್ನೊಬ್ಬರು ಇಣುಕಿ ನೋಡಿದರು, ಜಗಳವಾಡಿದರು, ಆರು ತಿಂಗಳಲ್ಲಿ ಗೂನುಬೆನ್ನಿನ ಗಡಿಯಾರ ರಿಪೇರಿಯವನಿಗೆ ಎಲ್ಲರೂ ಸೇರಿ ಒಂದು ಕೋಟು ಹೊಲಿದರು. ಅವನು ಅದನ್ನು ತೊಟ್ಟು ಕನ್ನಡಿ ನೋಡಿ, ಕಳಚದೆ ಹಾಗೇ ಅಂಗಡಿಗೆ ಹೋದ. ಅದರಲ್ಲಿ ಅವಳು ಏನನ್ನೂ ಹೇಳಿಕೊಟ್ಟಿರಲಿಲ್ಲ.

ಮೇಷ್ಟ್ರು ಎದುರಿನ ಕಿಟಕಿಯಲ್ಲಿ ನಿಂತು ಬೀದಿಗೆ ಕೇಳುವಂತೆ ಹೇಳುತ್ತಿದ್ದರು: “ಕಲಿಸೋಕೆ ಬರದವರು ‘ನೀನೇ ನೋಡು’ ಅಂತಾರೆ. ಅದಕ್ಕೆ ಮೇಷ್ಟ್ರು ಯಾಕೆ? ಕನ್ನಡಿ ಸಾಕು.” ಅವಳು ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಬಳಿ ಕಾಫಿ ಲೋಟ ಹಿಡಿದು ನಿಂತು, ಆ ಮೆಟ್ಟಿಲು ಹತ್ತುವ ತಲೆಗಳನ್ನು ಎಣಿಸುತ್ತಿದ್ದಳು. ಇಪ್ಪತ್ತು. ಹದಿನಾಲ್ಕು. ಒಂಬತ್ತು. ಶನಿವಾರದ ಸಾಲು ಮೊದಲು ಮೆಟ್ಟಿಲಿನೊಳಕ್ಕೆ ಸರಿಯಿತು, ಆಮೇಲೆ ಇಲ್ಲವೇ ಆಯಿತು. ಒಂದೊಂದು ತಲೆ ಕಡಿಮೆಯಾದ ದಿನವೂ ಅವಳ ಕಾಫಿಗೆ ಸಕ್ಕರೆ ಬೇಕಾಗುತ್ತಿರಲಿಲ್ಲ. ಮೊಬೈಲುಗಳು ಬಂದಾಗ ಮೇಷ್ಟ್ರು ಬಾಗಿಲಲ್ಲೇ ಅವನ್ನು ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದರು. ಇವಳು, “ವಿಡಿಯೋ ನೋಡಿ, ಅದರಲ್ಲೇನು ತಪ್ಪಿದೆ ಅಂತ ಹುಡುಕಿ,” ಎನ್ನುತ್ತಿದ್ದಳು. ಇಲಾಖೆಯ ಅಧಿಕಾರಿ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟ. ಶಿಕ್ಷಕರ ಪಾತ್ರ ಹೇಗೆ ಬದಲಾಗಬೇಕು ಎನ್ನುವುದಕ್ಕೆ ಈ ತಾಯಿಯೇ ಸಾಕ್ಷಿ ಎಂದು ಭಾಷಣ ಮಾಡಿ ಫಲಕ ಕೊಟ್ಟ. ಅವಳು ಫಲಕ ಹಿಡಿದುಕೊಂಡು ಎದುರಿನ ಕಿಟಕಿಯನ್ನೇ ನೋಡುತ್ತಿದ್ದಳು, ಮೇಷ್ಟ್ರು ನೋಡುತ್ತಿದ್ದಾರೋ ಇಲ್ಲವೋ ಅಂತ.

ಹೀಗೆ ಹದಿನಾರು ವರ್ಷ. ಮೇಷ್ಟ್ರ ಮಿಷನ್ನುಗಳು ಒಂದೊಂದಾಗಿ ಮೆಟ್ಟಿಲಿಳಿದು ಮಾರಾಟವಾದವು. ಕೊನೆಗೊಂದು ದಿನ ಬಾಗಿಲಿಗೆ ಚೀಟಿ ಅಂಟಿತು: ‘ಶಾಲೆ ಮುಚ್ಚಿದೆ. ಕಟಿಂಗ್ ಮೇಜು ಮತ್ತು ಕನ್ನಡಿ ಮಾರಾಟಕ್ಕಿವೆ.’ ಅವಳು ಚೀಟಿಯನ್ನು ಬೀದಿಯಲ್ಲಿ ನಿಂತು ಮೂರು ಸಲ ಓದಿದಳು. ಹೊಟ್ಟೆ ತಣ್ಣಗಾಯಿತು. ಆದರೆ ಪೂರ್ತಿ ಆಗಲಿಲ್ಲ. ಕೋಟು ಇನ್ನೂ ಮೊಳೆಯಲ್ಲೇ ಇತ್ತು.

ಅವಳ ಬಳಿ ಆಗ ಕಲಿಯುತ್ತಿದ್ದವರಲ್ಲಿ ಒಬ್ಬ ನಿವೃತ್ತ ನರ್ಸಿದ್ದಳು. ವಯಸ್ಸಿನಲ್ಲಿ ಇವಳಿಗಿಂತ ಹದಿನೆಂಟು ವರ್ಷ ದೊಡ್ಡವಳಾದರೂ ಎಲ್ಲರಂತೆ ‘ಅಕ್ಕ’ ಎಂದೇ ಕರೆಯುತ್ತಿದ್ದಳು. ಮೂವತ್ತು ವರ್ಷ ಮೂಳೆ ಮುರಿದವರ ವಾರ್ಡಿನಲ್ಲಿದ್ದವಳಿಗೆ ಭುಜ ಎಂದರೆ ಅಂಗೈ ಇದ್ದಂತೆ. ಆ ನರ್ಸಮ್ಮನಿಗೆ ಕಟಿಂಗ್ ಮೇಜು ಬೇಕಾಗಿತ್ತು.

“ಅಕ್ಕಾ, ಸ್ವಲ್ಪ ಬಂದು ಮೇಜು ನೋಡ್ತೀರಾ? ಹುಳ ಹಿಡಿದಿದೆಯೋ ಏನೋ.”

“ನೀವೇ ನೋಡಿ” ಎಂದು ಬಾಯಿಗೆ ಬಂದದ್ದನ್ನು ಅವಳು ಆ ಒಂದು ಸಲ ನುಂಗಿಕೊಂಡಳು.

ಇಪ್ಪತ್ತನಾಲ್ಕು ವರ್ಷದ ಮೇಲೆ ಅವಳು ಆ ಮೆಟ್ಟಿಲು ಹತ್ತಿದಳು. ಒಳಗೆ ಕನ್ನಡಿ, ಮೇಜು, ಒಂದು ಬೆಂಚು, ಒಂದೇ ಒಂದು ಮಿಷನ್ನು. ಮೇಷ್ಟ್ರಿಗೆ ಎಪ್ಪತ್ತಾಗಿತ್ತು, ಮೈ ಇಳಿದು ಸಣ್ಣಗಾಗಿದ್ದರು. ಅವಳನ್ನು ನೋಡಿ, “ಬಾಮ್ಮ. ಖಾಲಿಯಾಗಿದೆ, ನೋಡ್ಕೋ. ಅದಕ್ಕೇ ತಾನೇ ಬಂದಿದ್ದು?” ಅಂದರು.

“ಹೌದು,” ಅಂದಳು ಅವಳು. ಮುಚ್ಚುಮರೆ ಏನಿದೆ?

ಮೇಜು ಸಾಗಿಸಲು ಅಡ್ಡಗೋಡೆಯನ್ನು ಕಿತ್ತಿದ್ದರು. ಅದರ ಹಿಂದೆ ಏನಿತ್ತೆಂದು ಅವಳು ಮೊದಲ ಬಾರಿ ನೋಡಿದಳು. ಒಂದು ಕೊಕ್ಕೆ. ಕೊಕ್ಕೆಯಲ್ಲಿ ಏಳು ತಗಡಿನ ತುಂಡುಗಳು, ಚಿಕ್ಕದರಿಂದ ದೊಡ್ಡದರವರೆಗೆ, ಕಂಕುಳ ಸುತ್ತಿನ ಆಕಾರದವು. ಅಂಚುಗಳು ಸವೆದು ಹೊಳೆಯುತ್ತಿದ್ದವು. ಅಷ್ಟೇ. ಲೆಕ್ಕವಿಲ್ಲ, ವಿದ್ಯೆಯಿಲ್ಲ. ತಗಡು ಇಟ್ಟು ಸುತ್ತ ಗೀಟು ಎಳೆಯುವುದು, ಕತ್ತರಿಸುವುದು. ಇಡೀ ಊರಿನ ದರ್ಜಿಗಳು ಸಾಲು ನಿಂತದ್ದು ಏಳು ತಗಡಿಗಾಗಿ.

ಅವಳು ನೋಡಿದ್ದನ್ನು ಮೇಷ್ಟ್ರು ನೋಡಿದರು. ಮುಖ ಹುಳ್ಳಗಾಯಿತು. “ನಮ್ಮ ಮೇಷ್ಟ್ರು ಕೊಟ್ಟಿದ್ದು,” ಅಂದರು. “ಬಾಗು ಯಾಕೆ ಹೀಗಿದೆ ಅಂತ ನಾನೂ ಕೇಳಿದ್ದೆ. ಕೇಳಿದ್ದಕ್ಕೆ ಒಂದು ತಿಂಗಳು ಬರೀ ಗುಂಡಿ ಹಾಕಿಸಿದ್ರು. ಆಮೇಲೆ ಕೇಳಲಿಲ್ಲ.”

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಚ್ಚಿಟ್ಟುಕೊಳ್ಳಲು ಏನೋ ಇದ್ದವನ ಕೈಯಲ್ಲಿ ಅವಮಾನವಾದರೆ ಹೋಗಲಿ ಎನ್ನಬಹುದು. ಈ ಮನುಷ್ಯ ಬಚ್ಚಿಟ್ಟದ್ದು ತನಗೆ ಗೊತ್ತಿಲ್ಲ ಎನ್ನುವುದನ್ನು. ಅವಳ ಸಿಟ್ಟು ಇಮ್ಮಡಿಯಾಯಿತು. ಎಲ್ಲವನ್ನೂ ಈಗಲೇ ಆಡಿ ಮುಗಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕರಿಹಲಗೆಯ ಕಡೆಯಿಂದ ನರ್ಸಮ್ಮ ಕೂಗಿದಳು.

ನರ್ಸಮ್ಮನಿಗೆ ಹಿಂದಿನ ಕಥೆ ಏನೂ ಗೊತ್ತಿಲ್ಲ. ಅವಳು ಮೇಜು ಬಿಟ್ಟು, ಅಳತೆಕೋಲಿನಿಂದ ಗೋಡೆಯ ಕೋಟಿನ ತೋಳನ್ನು ಅತ್ತಿತ್ತ ಸರಿಸಿ ನೋಡುತ್ತಿದ್ದಳು.

“ಇದನ್ನ ಯಾಕೆ ನೇತು ಹಾಕಿದ್ದೀರಿ ಮೇಷ್ಟ್ರೇ? ಕಟಿಂಗ್ ಎಷ್ಟು ಚೆನ್ನಾಗಿದೆ! ಎಡಗಡೆ ತೋಳು ಬಲಕ್ಕೆ, ಬಲಗಡೇದು ಎಡಕ್ಕೆ ಕೂರಿಸಿಬಿಟ್ಟಿದ್ದಾರೆ, ಅಷ್ಟೇ. ತೊಟ್ಟವರಿಗೆ ಕೈ ಎತ್ತೋಕೇ ಆಗಿರಲ್ಲ, ಪಾಪ.”

ಇವಳು ಕೋಟಿನ ಕೆಳಗೆ ಬಂದು ನಿಂತಳು. ಒಂದು ಸಲ ನೋಡಿದರೆ ಸಾಕಾಯಿತು. ಭುಜದ ಮುಂದೆ ಮುದುಡಿದ ಬಟ್ಟೆ, ಹಿಂದೆ ಬಿಗಿತ. ಹೌದು, ಅದಲುಬದಲು. ಹದಿನೆಂಟರ ಹುಡುಗಿ ಅವಸರದಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂದು ಗುರುತು ಹಾಕಿಕೊಳ್ಳಲು ಮರೆತಿದ್ದಳು. ಕತ್ತರಿಸಿದ್ದು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಯಾರೂ ಹೇಳಿಕೊಡದೆ, ಅಪ್ಪನ ಕೋಟೊಂದನ್ನು ಬಿಚ್ಚಿ ನೋಡಿ, ಆ ಹುಡುಗಿ ಈ ಮೇಷ್ಟ್ರ ಏಳು ತಗಡಿಗಿಂತ ಒಳ್ಳೆಯ ಬಾಗು ಕತ್ತರಿಸಿದ್ದಳು. ಅರ್ಧ ಗಂಟೆ ಬಿಚ್ಚಿ ಹೊಲಿದಿದ್ದರೆ ಅಕ್ಕ ಅದೇ ಕೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು.

ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತೇ? ಅವಳು ಸರ್ರನೆ ತಿರುಗಿ ಅವರ ಮುಖ ನೋಡಿದಳು. ಅವರು ಕನ್ನಡಕ ಏರಿಸಿಕೊಂಡು, ಕತ್ತು ಎತ್ತಿ, ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಏನೂ ಗೊತ್ತಿರಲಿಲ್ಲ. ಈಗಲೂ ಗೊತ್ತಾಗುತ್ತಿರಲಿಲ್ಲ.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಮೇಷ್ಟ್ರು ನೋಡಲಿಲ್ಲ, ಸರಿ. ತಾನು? ಸಾವಿರ ಕೋಟು ಬಿಚ್ಚಿದವಳು ಈ ಒಂದನ್ನು ಮನಸ್ಸಿನಲ್ಲಾದರೂ ಬಿಚ್ಚಿ ನೋಡಿದ್ದಳೇ? ಮುದುಡಿದ್ದು ಮುಂದೆ, ಬಿಗಿದದ್ದು ಹಿಂದೆ ಎನ್ನುವುದು ಇಪ್ಪತ್ತನಾಲ್ಕು ವರ್ಷವೂ ಅವಳಿಗೆ ನೆನಪಿತ್ತು. ಅಷ್ಟೇ ಹೇಳಿದ್ದರೆ ಅವಳ ಕ್ಲಾಸಿಗೆ ನಿನ್ನೆ ಬಂದವರೂ ಕಾರಣ ಹೇಳುತ್ತಿದ್ದರು. ಅವಳು ಕೇಳಿಕೊಳ್ಳಲೇ ಇಲ್ಲ. ಕಟಿಂಗ್ ತಪ್ಪು ಎಂದು ಮೇಷ್ಟ್ರು ಅಂದರು, ಅವಳು ಬರೆದುಕೊಂಡಳು. ಊರಿಗೆಲ್ಲ 'ನೀನೇ ನೋಡು' ಎಂದವಳು ಆ ಒಂದು ವಿಷಯದಲ್ಲಿ ಈ ಮೇಷ್ಟ್ರ ಅತ್ಯಂತ ವಿಧೇಯ ಶಿಷ್ಯೆಯಾಗಿದ್ದಳು.

“ಹೇಗೆ ಗೊತ್ತಾಯ್ತಮ್ಮ ಇದು?” ಮೇಷ್ಟ್ರು ನರ್ಸಮ್ಮನನ್ನು ಕೇಳಿದರು. “ಅದಲುಬದಲು ಅಂತ ನೋಡಿದ್ದೇ ಹೇಗೆ ಹೇಳ್ತೀಯ?”

ನರ್ಸಮ್ಮ ಬಾಯಿ ತೆರೆದಳು. ಇವಳು ತಡೆದಳು.

“ನರ್ಸಮ್ಮ, ಹೇಳಿದ್ರೆ ನೋಡಿ ಮತ್ತೆ.” ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. “ನೀವೇ ನೋಡಿ ಮೇಷ್ಟ್ರೇ. ಇಳಿಸಿ, ಬಿಚ್ಚಿ, ನೋಡಿ.”

ಮೇಷ್ಟ್ರು ಸ್ಟೂಲು ಎಳೆದುಕೊಂಡು ಹತ್ತಿದರು. ಸ್ಟೂಲು ಓಲಾಡಿತು. ನರ್ಸಮ್ಮ ಹಿಡಿಯಲು ಹೋದಳು, ಇವಳು ಕದಲಲಿಲ್ಲ. ಕೋಟು ಅವರ ಕೈಯಿಂದಲೇ ಮೊಳೆಯಿಂದ ಇಳಿಯಿತು. ಇದೇ ಗಳಿಗೆಗಾಗಿ ಅವಳು ಬದುಕಿದ್ದು. ಆದರೆ ಅವರು ಅದನ್ನು ತಲೆ ತಗ್ಗಿಸಿ ಇಳಿಸಲಿಲ್ಲ. ಯಾವಾಗ ಬಿಚ್ಚಿಯೇನು ಎನ್ನುವ ಆತುರದಲ್ಲಿ ಇಳಿಸಿದರು. ರಟ್ಟು ಕಳಚಿ ನೆಲಕ್ಕೆ ಬಿದ್ದದ್ದನ್ನೂ ಗಮನಿಸಲಿಲ್ಲ.

ಮಧ್ಯಾಹ್ನವಿಡೀ ಅವಳು ತಾನು ಹಿಂದೆ ಕೂರುತ್ತಿದ್ದ ಬೆಂಚಿನ ಮೇಲೆ ಕೈಕಟ್ಟಿ ಕೂತು ನೋಡಿದಳು. ಮೇಷ್ಟ್ರು ಬಿಚ್ಚಿದರು. ತೋಳನ್ನು ತಿರುಗಿಸಿದರು, ತಲೆಕೆಳಗು ಮಾಡಿದರು, ಒಮ್ಮೆ ಒಳಗಿನದನ್ನು ಹೊರಗೆ ಮಾಡಿ ಹೊಲಿದು, ಛೆ ಎಂದು ಮತ್ತೆ ಬಿಚ್ಚಿದರು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆ ಅವಳ ಕಡೆ ನೋಡಿದರು. ಅವಳು ಕಿಟಕಿಯ ಹೊರಗೆ ನೋಡಿದಳು. ಹಾಗೆ ಒದ್ದಾಡುವುದನ್ನು ನೋಡಲು ಅವಳಿಗೆ ಇಷ್ಟವಾಗುತ್ತಿತ್ತು, ಆ ಬಗ್ಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಬಿಸಿಲು ಕನ್ನಡಿಯಿಂದ ಸರಿದು ಗೋಡೆಗೆ ಹೋದಾಗ, ಅವರು ಎರಡು ತೋಳುಗಳನ್ನೂ ಒಂದರ ಮೇಲೊಂದು ಇಟ್ಟು, ಬೆರಳಿನಿಂದ ಅಂಚು ಸವರಿ, “ಓ!” ಅಂದರು.

ದಪ್ಪ ಟಾಕು ಹಾಕಿ ತೋಳು ಕೂರಿಸಿ ಮುಗಿಸಿದ ಮೇಲೆ ತೊಟ್ಟು ನೋಡಲು ಯಾರೂ ಇರಲಿಲ್ಲ. ನರ್ಸಮ್ಮ ಮೈಕೈ ತುಂಬಿಕೊಂಡವಳು, ಇವಳೂ ಹದಿನೆಂಟರಲ್ಲಿದ್ದ ಹಾಗಿಲ್ಲ. ಸೊರಗಿದ ಮೇಷ್ಟ್ರೇ ಆ ಹೆಂಗಸರ ಕೋಟನ್ನು ತೊಟ್ಟು ಕನ್ನಡಿಯ ಎದುರು ನಿಂತರು. ಕೈ ಎತ್ತಿದರು. ಭುಜದ ಮಟ್ಟ ದಾಟಿತು. ಕಿವಿ ದಾಟಿತು. ನೆಟ್ಟಗೆ ಮೇಲಕ್ಕೆ ಹೋಯಿತು.

“ನೋಡಮ್ಮಾ! ಏಳುತ್ತೆ! ನೋಡು, ನೋಡು, ಏಳುತ್ತೆ!”

ಇಳಿಸಿದರು, ಎತ್ತಿದರು. ಇಳಿಸಿದರು, ಎತ್ತಿದರು. ಎಪ್ಪತ್ತರ ಮುಖದಲ್ಲಿ ಹಲ್ಲಿಲ್ಲದ ಕಡೆಯಿಂದಲೂ ನಗು. ಅವಮಾನ ಎಲ್ಲಿ? ಅವಳು ಹುಡುಕಿದಳು; ಸಾಸಿವೆಯಷ್ಟೂ ಸಿಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಕಾದು ಅವಳು ಈ ಮನುಷ್ಯನಿಗೆ ಕೊಟ್ಟದ್ದು ಇದನ್ನೇ, ಆ ಹದಿನೆಂಟರ ಹುಡುಗಿಯಿಂದ ಇವನು ಕಿತ್ತುಕೊಂಡಿದ್ದ ಈ ಸಂತೋಷವನ್ನೇ. ಅವಳ ಕಣ್ಣಲ್ಲಿ ಬುಳಬುಳನೆ ನೀರು ಬಂತು, ಎಲ್ಲ ಸಿಟ್ಟಿನದೇ.

“ತೆಗೀರಿ,” ಅಂದಳು. “ತೆಗೀರಿ ಅದನ್ನ. ಅದು ನಮ್ಮಕ್ಕನ ಕೋಟು.”

ಅಕ್ಕ ಅದನ್ನು ಸಂಜೆ ತೊಟ್ಟಳು. ಗುಂಡಿ ಹಾಕಲು ಬರಲಿಲ್ಲ. ಕೈ ಎತ್ತಿ ನೋಡಿ, “ಪುಟ್ಟೀ, ಅವತ್ತೇ ಸರಿ ಇತ್ತೇನೆ?” ಅಂದಳು. ಅವಳು ತಟ್ಟೆ ತೊಳೆಯಲು ಎದ್ದಳು.

ಮಾರನೇ ದಿನ ಹತ್ತು ಗಂಟೆಗೆ ಅವಳ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಮೇಷ್ಟ್ರು ಬಂದು, ಯಾರನ್ನೂ ಕೇಳದೆ, ಹಿಂದಿನ ಬೆಂಚಿನಲ್ಲಿ ನರ್ಸಮ್ಮನ ಪಕ್ಕ ಕೂತರು. ಏಳು ತಗಡನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಅವಳು ಮುಟ್ಟಲಿಲ್ಲ. ಎಲ್ಲರಿಗೂ ಹಾಕುವಂತೆ ಅವರ ಮುಂದೂ ಒಂದು ಹಳೇ ಕೋಟು ಎಸೆದಳು. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

ಅವಳು ನೋಡಿಯೂ ನೋಡದ ಹಾಗಿದ್ದಳು. ಕೈ ಇಳಿಯಲಿಲ್ಲ. ಕ್ಲಾಸೆಲ್ಲ ತಿರುಗಿ ನೋಡಿತು.

“ಏನು?”

“ಮುಂದಿನ ಬಾಗು ಹಿಂದಿನದಕ್ಕಿಂತ ಆಳ ಇರುತ್ತಲ್ಲ,” ಅಂದರು ಮೇಷ್ಟ್ರು. “ಯಾಕೆ?”

ಅವಳದೇ ಪ್ರಶ್ನೆ. ಅದಕ್ಕೆ ಉತ್ತರವನ್ನು ಇಪ್ಪತ್ತನಾಲ್ಕು ವರ್ಷದಿಂದ ಅವಳು ನಾಲಗೆಯ ಕೆಳಗೆ ಇಟ್ಟುಕೊಂಡಿದ್ದಳು. ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಬಾಯಿ ನಿಂತ ಮೇಲೆ ಗೊತ್ತಾಗುತ್ತೆ.”

ಯಾರೂ ನಗಲಿಲ್ಲ. ಅವಳ ಕ್ಲಾಸಿನಲ್ಲಿ ಅಂಥ ಮಾತನ್ನು ಅವರು ಯಾರೂ ಕೇಳಿರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮಿಷನ್ ಚಕ್ರದ ಮೇಲೆ ಕೈ ಇಟ್ಟು ಅವಳನ್ನೇ ದಿಟ್ಟಿಸಿದಳು. ನರ್ಸಮ್ಮ, ಜ್ವರ ಎಷ್ಟಿದೆ ಎಂದು ನೋಡುವ ಕಣ್ಣಿನಿಂದ ಅವಳನ್ನು ಒಮ್ಮೆ ನೋಡಿ, ಮೇಷ್ಟ್ರ ಕಡೆ ತಿರುಗಿದಳು.

“ಮೇಷ್ಟ್ರೇ, ಎರಡೂ ಕೈ ಮುಂದಕ್ಕೆ ಚಾಚಿ. ಹಾಂ. ಈಗ ಹಿಂದಕ್ಕೆ ಚಾಚಿ. ಯಾವ ಕಡೆ ಹೆಚ್ಚು ಹೋಗುತ್ತೆ?”

ಮೇಷ್ಟ್ರು ಚಾಚಿದರು. ಮುಂದಿನ ಸಾಲಿನ ಹುಡುಗಿಯೂ ಎದ್ದು ಬಂದಳು, ಇನ್ನಿಬ್ಬರು ಬಂದರು. ನಾಲ್ಕೈದು ಜನ ಆ ಮುದುಕನ ಭುಜದ ಸುತ್ತ ಅಳತೆಪಟ್ಟಿ ಹಿಡಿದು, ಹಾಗಲ್ಲ ಹೀಗೆ ಎಂದು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು. ಒಬ್ಬರೂ ಅವಳನ್ನು ಕೇಳಲಿಲ್ಲ. ಕೇಳಬಾರದೆಂದು ಹದಿನಾರು ವರ್ಷ ಕಲಿಸಿದವಳು ಅವಳೇ ತಾನೇ.

ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಎದುರಿನ ಮಹಡಿ ಖಾಲಿಯಾಗಿತ್ತು. ಹಿಂದೆ ಮೇಷ್ಟ್ರು, “ಓ, ಹಾಗಾ!” ಎಂದು ಕೂಗಿದ್ದು ಕೇಳಿಸಿತು. ಅವಳು ಕೈಯಲ್ಲಿದ್ದ ಕಾಫಿ ಕುಡಿದಳು. ಕಹಿಯಾಗಿತ್ತು.